ಹಲ್ಲಲ್ಲಿ ಕಚ್ಚಿದ ಸ್ಕ್ರೂಡ್ರೈವರ್

ಅಪ್ಪಾ,

ಆ ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನ ಇಂಜಿನ್ ಬಿಚ್ಚಿದ್ದೆನಲ್ಲ, ಎಲ್ಲ ಜೋಡಿಸಿ ಇವತ್ತು ಸ್ಟಾರ್ಟ್ ಮಾಡಿದೆ. ಅದೇ ಟಕಟಕ ಸದ್ದು. ಒಂದು ಚೂರೂ ಕಡಿಮೆಯಾಗಿರಲಿಲ್ಲ.

ಕಾರು ಬಂದ ದಿನ ನೀನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್‌ಗೆ ಒತ್ತಿ, ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ ನಿಂತಿದ್ದೆ. ಕಿವಿ ಮಂದವಾದ ಮೇಲೆ ನೀನು ಸದ್ದನ್ನು ದವಡೆಯಿಂದಲೇ ಹಿಡಿಯುತ್ತಿದ್ದೆ. "ಇದು ಒಳಗಿಂದಲ್ಲ ಕಣೋ, ಹೊರಗಿಂದು. ಬೆಲ್ಟ್ ಬಿಚ್ಚಿ ಒಂದ್ಸಲ ಸ್ಟಾರ್ಟ್ ಮಾಡಿ ನೋಡು," ಎಂದೆ ನೀನು.

ಪಕ್ಕದಲ್ಲೇ ಕಾರಿನ ಯಜಮಾನರಿದ್ದರು. ನನಗೆ ನಾಚಿಕೆಯಾಯಿತು. "ಮೊದಲೇ ಕಿವಿ ಕೇಳ್ಸಲ್ಲ, ಇಂಜಿನ್ ಸದ್ದು ಬೇರೆ ಹಿಡೀತೀಯಾ? ಹೋಗಿ ಸುಮ್ನೆ ಕೂತ್ಕೋ," ಎಂದುಬಿಟ್ಟೆ. ನಿನಗೆ ಕೇಳಿಸಲಿ ಅಂತಲೇ ಗಟ್ಟಿಯಾಗಿ ಹೇಳಿದ್ದೆ.

ನೀನು ಹಿಡಿಯನ್ನು ಅಂಗಿಗೆ ಒರೆಸಿ, ಸ್ಕ್ರೂಡ್ರೈವರನ್ನು ಅದರ ಮೊಳೆಗೆ ನೇತುಹಾಕಿ ಮನೆಗೆ ಹೋದೆ. ಮತ್ತೆ ಗ್ಯಾರೇಜಿಗೆ ಬರಲೇ ಇಲ್ಲ. ಇಂಜಿನ್ ಇನ್ನೂ ನೆಲದ ಮೇಲೆ ಹರಡಿಕೊಂಡಿರುವಾಗಲೇ ನೀನು ಇಲ್ಲವಾದೆ.

ಇವತ್ತು ಆ ಸ್ಕ್ರೂಡ್ರೈವರನ್ನು ಮೊಳೆಯಿಂದ ತೆಗೆದೆ. ಹಿಡಿಯ ಮೇಲೆ ನಿನ್ನ ಹಲ್ಲಿನ ಗುರುತುಗಳಿವೆ. ಕಚ್ಚಲು ಧೈರ್ಯ ಬರಲಿಲ್ಲ. ಅಲ್ಲೇ ತೂಗುಹಾಕಿ, ನೀನು ಹೇಳಿದಂತೆ ಬೆಲ್ಟ್ ಬಿಚ್ಚಿ ಸ್ಟಾರ್ಟ್ ಮಾಡಿದೆ. ಸದ್ದು ಇಲ್ಲ. ಬೆಲ್ಟಿನಿಂದ ತಿರುಗುವ ಡೈನಮೋದ ಬೇರಿಂಗ್ ಸವೆದಿತ್ತು, ಅಷ್ಟೇ.

ಯಜಮಾನರಿಗೆ ಫೋನ್ ಮಾಡಿದೆ. "ತಪ್ಪು ನಂದೇ ಸಾರ್. ಸುಮ್ಸುಮ್ನೆ ಇಂಜಿನ್ ಬಿಚ್ಚಿಬಿಟ್ಟೆ," ಎಂದೆ.

"ಹೋಗ್ಲಿ ಬಿಡಿ, ಸಿಕ್ತಲ್ಲ," ಎಂದರು ಅವರು.

ತಪ್ಪು ನಂದೇ ಅಂತ ಹೇಳುವುದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ, ಅಪ್ಪಾ.