ನನಗೆ ಕೇಳಿಸದ ಜೀರುಂಡೆ

ಭಾನುವಾರ, ಜೂನ್ ೧೪

ಪ್ರೀತಿಯ ಸಣ್ಣಿ,

ಹೇಗಿದ್ದೀಯೆ? ಫೋನ್ ಎತ್ತುತ್ತಿಲ್ಲ, ಮೆಸೇಜು ಓದಿಯೂ ಸುಮ್ಮನಿದ್ದೀಯೆ. ನನ್ನ ಮೇಲೆ ಸಿಟ್ಟಾಗಿದ್ದೀಯೆ ಎಂದು ಗೊತ್ತಿತ್ತು, ಯಾಕೆ ಎಂದು ಗೊತ್ತಿರಲಿಲ್ಲ. ಕಾರಣ ತಿಳಿಯದೆ ಏನೋ ಬರೆದು ಇನ್ನಷ್ಟು ಕೆಡಿಸುವುದು ಬೇಡವೆಂದು ತಡಮಾಡಿದೆ, ಕ್ಷಮಿಸು. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಹರಿದು ಹಾಕಬೇಡ. ಕೊನೆಯವರೆಗೂ ಓದು, ಬಯ್ಯುವುದಿದ್ದರೆ ಆಮೇಲೆ ಬಯ್ಯುವೆಯಂತೆ.

ನಿನ್ನ ಭಾವ ಚೆನ್ನಾಗಿದ್ದಾರೆ. ಇಸ್ತ್ರಿ ಮೇಜನ್ನು ನಾನು ಪಾಠದ ಮೇಜು ಮಾಡಿಕೊಂಡ ಮೇಲೆ ಸುಕ್ಕು ಅಂಗಿಯಲ್ಲೇ ಕೆಲಸಕ್ಕೆ ಹೋಗುತ್ತಾರೆ. "ನಿನ್ನ ವನ್ಯಜೀವಿಗಳಿಗೋಸ್ಕರ ನಾನೂ ಒಂದು ತ್ಯಾಗ ಮಾಡಿದೀನಿ ಅಂತ ಆ ಮಕ್ಕಳಿಗೆ ಹೇಳು" ಎನ್ನುತ್ತಾರೆ. ಹೈಸ್ಕೂಲು ಮಕ್ಕಳಿಗೆ ಆನ್‌ಲೈನಿನಲ್ಲಿ ಕಾಡು, ಕೆರೆ, ಪ್ರಾಣಿ ಕಲಿಸುವುದೆಂದರೆ ಬಾಗಿಲು ಮುಚ್ಚಿದ ಮನೆಗಳ ಓಣಿಯಲ್ಲಿ ನಿಂತು ಕೂಗಿದ ಹಾಗೆ. ಒಬ್ಬರೂ ಕ್ಯಾಮೆರಾ ಹಾಕುವುದಿಲ್ಲ. ಪರದೆಯ ತುಂಬ ಬಣ್ಣದ ಚೌಕಗಳು, ಒಂದೊಂದರಲ್ಲಿ ಒಂದು ಅಕ್ಷರ. ನಡುವೆ ಯಾರದೋ ತಾಯಿ ಯಾರನ್ನೋ ಗದರುತ್ತಾಳೆ. ಆದರೂ ಈ ಮಕ್ಕಳೆಂದರೆ ನನಗೆ ಬಲು ಇಷ್ಟ, ಕೆಣಕಿದರೆ ಬಿಡುವವರಲ್ಲ.

ಹೋದ ವಾರ ಕೊಳದ ಪಾಠ. ಯಾರು ಯಾರನ್ನು ತಿನ್ನುತ್ತಾರೆ ಎಂಬುದು ಹೇಗೂ ಪುಸ್ತಕದಲ್ಲಿದೆ. ಯಾರು ಯಾವ ದನಿಯಲ್ಲಿ ಕೂಗುತ್ತಾರೆ ಎಂಬುದನ್ನು ತೋರಿಸುವ ಆಸೆ ನನ್ನದು. ಒಂದೇ ದಡದಲ್ಲಿ ಎಲ್ಲರೂ ಒಟ್ಟಿಗೆ ಬಾಯಿ ಮಾಡಿದರೂ ಒಬ್ಬರ ಕೂಗು ಇನ್ನೊಬ್ಬರದನ್ನು ಮುಳುಗಿಸುವುದಿಲ್ಲ ನೋಡು. ಕಪ್ಪೆ ದಪ್ಪ ದನಿ ಹಿಡಿದಿದೆ, ಜೀರುಂಡೆ ತೀರಾ ಸಣ್ಣದನ್ನು. ಜಾಗ ಹಂಚಿಕೊಂಡ ಹಾಗೆ ಸದ್ದನ್ನೂ ಹಂಚಿಕೊಂಡು ಬಾಳುತ್ತವೆ. ಕಾಲೇಜಿನ ದಿನಗಳಲ್ಲಿ ನಾನೇ ಒಂದು ಸಂಜೆ ಕೊಳದ ಬಳಿ ಕೂತು ಟೇಪಿನಲ್ಲಿ ಮುದ್ರಿಸಿಕೊಂಡು, ಆಮೇಲೆ ಕಂಪ್ಯೂಟರಿಗೆ ಇಳಿಸಿಟ್ಟದ್ದನ್ನು ಹುಡುಕಿ ಹಾಕಿದೆ.

"ಏನೇನು ಕೇಳಿಸ್ತು?" ಎಂದೆ. "ಏನೂ ಇಲ್ಲ ಮಿಸ್" ಎಂದವು ಚೌಕಗಳು.

ಕ್ಲಾಸಿನಲ್ಲಿ ಒಬ್ಬಳಿದ್ದಾಳೆ, ಎಲ್ಲದಕ್ಕೂ ವಾದ ಹೂಡುವುದರಿಂದ ಮಕ್ಕಳು ಅವಳನ್ನು ಲಾಯರಮ್ಮ ಎನ್ನುತ್ತಾರೆ. ಅವಳು ಹೇಳಿದಳು: "ಮಿಸ್, ಈ ಆ್ಯಪು ಮನುಷ್ಯರ ಮಾತನ್ನ ಮಾತ್ರ ಬಿಡುತ್ತೆ. ಮಿಕ್ಕಿದ್ದೆಲ್ಲ ಅದರ ಪ್ರಕಾರ ಗಲಾಟೆ, ಅಳಿಸಿಹಾಕುತ್ತೆ." ಇಡೀ ಕೊಳವೇ ಗಲಾಟೆಯಂತೆ, ಸಣ್ಣಿ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದನ್ನು ಎಲ್ಲಿ ಆಫ್ ಮಾಡಬೇಕೆಂದು ಅವಳೇ ಹೇಳಿಕೊಟ್ಟಳು. ಮತ್ತೆ ಹಾಕಿದೆ.

ಈಗ ಎಲ್ಲರೂ ಒಟ್ಟಿಗೆ ಮಾತು. "ಕಪ್ಪೆ ಮಿಸ್!" "ಅದರ ಮೇಲೆ ಜೀಂ ಅಂತ ಒಂದಿದೆಯಲ್ಲ, ನಿಲ್ಲೋದೇ ಇಲ್ಲ!" ನನಗೆ ಕೇಳಿಸಿದ್ದು ಕಪ್ಪೆಯೊಂದೇ. "ಜೀಂ ಇಲ್ಲವಲ್ಲ, ಈ ಟೇಪು ಹಳೇದಾಗಿ ಜೀರುಂಡೆ ಅಳಿಸಿಹೋಗಿದೆ" ಎಂದೆ. ಮಕ್ಕಳಿಗೆ ಖುಷಿಯೋ ಖುಷಿ. ಮಿಸ್ ಬೇಕೆಂದೇ ತಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡವು. ನನಗೂ ಕುತೂಹಲ ಕೆರಳಿತು. ಸದ್ದು ಎಲ್ಲಿ ಕಳೆದುಹೋಗುತ್ತಿದೆ, ಹುಡುಕೋಣವೆಂದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು ಎಂದು ಪಾಠ ಹೇಳಿದವಳು ನಾನೇ ತಾನೇ?

ಇಯರ್‌ಫೋನ್ ಬದಲಿಸಿದೆ. ಕಪ್ಪೆ. ಲ್ಯಾಪ್‌ಟಾಪ್ ಬಿಟ್ಟು ಮೊಬೈಲಿನಲ್ಲಿ ಹಾಕಿದೆ. ಮತ್ತೆ ಕಪ್ಪೆ. ಅಡುಗೆಮನೆಯಿಂದ ನಿನ್ನ ಭಾವನನ್ನು ಕರೆದು ಕೂರಿಸಿದೆ. "ಅಯ್ಯೋ, ನಿಲ್ಸೇ ಮಾರಾಯ್ತಿ, ತಲೆ ಚಿಟ್ಟು ಹಿಡೀತಿದೆ" ಎಂದು ಕಿವಿ ಮುಚ್ಚಿಕೊಂಡರು. ಬದಲಿಸಿದ್ದನ್ನೆಲ್ಲ ಮಕ್ಕಳು ಒಂದೊಂದಾಗಿ ಪಟ್ಟಿಯಿಂದ ಹೊಡೆದು ಹಾಕುತ್ತಿದ್ದರು. ಲಾಯರಮ್ಮ ಗೆದ್ದ ಉತ್ಸಾಹದಲ್ಲಿ ಕೂಗಿದಳು: "ಹಾಗಾದ್ರೆ ಬದಲಾಯಿಸದೇ ಉಳಿದಿದ್ದು ನೀವೊಬ್ಬರೇ ಮಿಸ್!"

ಮರುಕ್ಷಣವೇ ಅವಳ ದನಿ ಇಳಿಯಿತು, "ಸಾರಿ ಮಿಸ್." ಸಾರಿ ಏಕಮ್ಮ, ಸರಿಯಾಗೇ ಹೇಳಿದೆ ಎಂದು ಶಹಭಾಸ್ ಕೊಟ್ಟೆ. ಅದು ನಾಟಕವಲ್ಲ, ಅಷ್ಟು ಚೊಕ್ಕವಾಗಿ ಯೋಚಿಸುವ ಮಗುವನ್ನು ಕಂಡರೆ ನನಗೆ ಹೆಮ್ಮೆ ಉಕ್ಕುತ್ತದೆ. ಆದರೆ ಅವತ್ತು ಮೊದಲ ಸಲ ನಾನೂ ಕ್ಯಾಮೆರಾ ಆಫ್ ಮಾಡಿದೆ. ಮಾಡಿ ಅತ್ತುಬಿಟ್ಟೆ, ನಿನ್ನ ಹತ್ತಿರ ಮುಚ್ಚಿಡುವುದೇನು.

ಮೊನ್ನೆ ಕಿವಿ ಡಾಕ್ಟರ ಬಳಿ ಹೋಗಿದ್ದೆ. ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಎಷ್ಟೋ ಹೊತ್ತು ಗುಂಡಿ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಸಣ್ಣ ದನಿಗಳು ಮೊದಲು ಹೋಗುತ್ತವಂತೆ. ಮನುಷ್ಯರ ಮಾತಿನಲ್ಲೂ ಅಷ್ಟೇ, ಸ, ಶ, ತ ಇಂಥವು ಜಾರಿಬಿಡುತ್ತವೆ. "ಹಾಗಾದ್ರೆ ಇಷ್ಟು ದಿನ ನನಗೆ ಗೊತ್ತಾಗಲಿಲ್ಲ ಯಾಕೆ ಡಾಕ್ಟ್ರೇ?" ಎಂದೆ. ಆಕೆ ನಕ್ಕು, "ಬಿಟ್ಟುಹೋದ ಜಾಗಾನ ನಿಮ್ಮ ತಲೆಯೇ ತುಂಬಿಕೊಳ್ಳುತ್ತೆ. ನೀವು ಮೇಷ್ಟ್ರಮ್ಮ ಬೇರೆ, ಬೇಗ ಬೇಗ ತುಂಬಿಕೊಂಡಿರ್ತೀರಿ" ಎಂದರು. ತಲೆ ಹೀಗೂ ಮೋಸ ಮಾಡುತ್ತದೆಯೇ ಎಂದು ನನಗೆ ಆಶ್ಚರ್ಯ. ಇದನ್ನೇ ಒಂದು ಪಾಠ ಮಾಡಬೇಕೆಂದಿದ್ದೇನೆ. ಕಿವಿಗೆ ಯಂತ್ರ ಬರಲು ಇನ್ನೂ ಸ್ವಲ್ಪ ದಿನ ಹಿಡಿಯುತ್ತದೆ.

ಹುಷಾರಾಗಿರು. ಕೆಲಸದ ಭರದಲ್ಲಿ ಊಟ ಬಿಡಬೇಡ. ನಿನಗೆ ಎಲ್ಲ ಒಳ್ಳೆಯದಾಗಲಿ, ಎಷ್ಟು ಸಿಟ್ಟಿದ್ದರೂ ನೀನು ನನ್ನ ಸಣ್ಣಿಯೇ.

ನಿನ್ನ
ಅಕ್ಕ

ತಾ.ಕ.: ಇಷ್ಟೆಲ್ಲ ಬರೆದದ್ದು ಇದೊಂದನ್ನು ಕೇಳುವ ಧೈರ್ಯಕ್ಕೆ. ಕೊನೆಯ ಸಲ ಫೋನ್ ಮಾಡಿದಾಗ ನೀನು ತುಂಬ ಮೆಲ್ಲಗೆ, ತುಂಬ ಹೊತ್ತು ಮಾತಾಡಿದೆ. ನಾನು ಹ್ಞೂಂ ಹ್ಞೂಂ ಎನ್ನುತ್ತಿದ್ದೆ. ನನಗೆ ಸರಿಯಾಗಿ ಕೇಳಿಸಿದ್ದು "ಹೋಯ್ತು, ಅಕ್ಕ" ಎಂಬುದಷ್ಟೇ. ನಿನ್ನ ಆ ಹಾಳು ಕೆಮ್ಮು ಹೋಯಿತೆಂದುಕೊಂಡೆ. "ಸದ್ಯ, ಪೀಡೆ ತೊಲಗಿತು ಬಿಡು" ಎಂದು ಜೋರಾಗಿ ನಕ್ಕೆ. ನೀನು ಫೋನ್ ಇಟ್ಟೆ. ಕೆಮ್ಮು ಹೋದವರು ಹಾಗೆ ಫೋನ್ ಇಡುವುದಿಲ್ಲ. ಏನು ಹೋಯಿತು, ಸಣ್ಣಿ? ಬರೆದು ತಿಳಿಸು.