ಓಗೊಟ್ಟದ್ದು

ದೊಡ್ಡಉಳ್ಳಾರ್ತಿ
ಮಂಗಳವಾರ

ಮಗಳು ಮಾಲತಿಗೆ,

ಭಾನುವಾರದಿಂದ ನೀನು ಫೋನು ಮಾಡುತ್ತಲೇ ಇದ್ದೀಯ. ನಾಚಿಕೆಯಾಗಿ ಎತ್ತಲಿಲ್ಲ, ಅದಕ್ಕೇ ಈ ಕಾಗದ.

"ಬೆಳಿಗ್ಗೆಯಿಂದ ಸಂಜೆಯವರೆಗೆ ಪಿಟೀಲಿನಲ್ಲಿ ಒಂದೇ ಸಾಲು ನುಡಿಸುತ್ತೇನೆ, ಅದೊಂದು ಹೊಸ ಪ್ರಯೋಗ" ಎಂದು ನೀನು ಮೊದಲೇ ಹೇಳಿದ್ದೆ. ನನ್ನ ತಲೆಗೇ ಹತ್ತಿರಲಿಲ್ಲ. ಚಳ್ಳಕೆರೆಯ ಆ ಸಭಾಂಗಣದಲ್ಲಿ ಕೇಳುತ್ತಾ ಕೂತವಳಿಗೆ ಅದು ನಮ್ಮ ಕಾವಲಿನ ಕುರಿಗಾಹಿಗಳ ಕೂಗಿನಂತೆಯೇ ಕೇಳಿಸಿತು. ದಾರಿ ತಪ್ಪಿದವನು, ಬೇರೆ ಯಾರಾದರೂ ಓಗೊಡುವ ತನಕ, ಒಂದೇ ರಾಗದಲ್ಲಿ ಕೂಗುತ್ತಾನೆ. ಕೇಳಿಯೂ ಸುಮ್ಮನಿರುವವರನ್ನು ನಮ್ಮಲ್ಲಿ ಮನುಷ್ಯರೆನ್ನುವುದಿಲ್ಲ. ಇಷ್ಟು ಜನ ಕೂತಿದ್ದಾರೆ, ನನ್ನ ಮಗಳಿಗೆ ಒಬ್ಬರೂ ಓಗೊಡುತ್ತಿಲ್ಲವಲ್ಲ ಎಂದು ಸಿಟ್ಟು ಬಂತು. ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ ಎದ್ದು ನಿಂತು, "ಓ... ಇಲ್ಲೇ ಇದೀನಿ ಕಣವ್ವಾ!" ಎಂದುಬಿಟ್ಟೆ.

ಎಲ್ಲರೂ ನಕ್ಕರು. "ಯಾರ್ರೀ ಆಯಮ್ಮ? ಹೊರಗೆ ಕಳಿಸ್ರಿ" ಎಂದರು ಹಿಂದಿನವರು. ನೀನು ನುಡಿಸುವುದು ನಿಲ್ಲಿಸಲಿಲ್ಲ, ತಲೆ ಮಾತ್ರ ತಗ್ಗಿಸಿದೆ. ಸರಿಯಾಗಿಯೇ ಮಾಡಿದೆ.

ಸಂಗೀತವಲ್ಲವೇ ಎಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟವಳು ನಾನೊಬ್ಬಳೇ. ಹೊರಗೆ ಬರುವ ಅವಸರದಲ್ಲಿ ಅವನ್ನು ಅಲ್ಲೇ ಬಿಟ್ಟು ಬಂದೆ. ಚಪ್ಪಲಿ ಕೇಳಲು ನೀನು ಹೋಗಬೇಡ. ಯಾರ ಮಗಳೆಂದು ತಿಳಿದುಬಿಡುತ್ತದೆ.

ನಾನು ಆಗಲೇ ಬಸ್ಸು ಹತ್ತಿದೆ ಎಂದುಕೊಂಡಿರಬೇಕು ನೀನು. ಇಲ್ಲ. ಎದುರಿನ ಬೇವಿನ ಮರದ ಕೆಳಗೆ ಕೂತಿದ್ದೆ, ಮೈಕಿನ ದನಿ ಅಲ್ಲಿಗೂ ಬರುತ್ತಿತ್ತು. ಸಂಜೆ ನೀನು ನಿಲ್ಲಿಸುವ ತನಕ, ಬಾಯಿಗೆ ಸೆರಗು ಒತ್ತಿಕೊಂಡು, ಪ್ರತಿ ಸಲವೂ ಓಗೊಟ್ಟೆ.

ನಿನ್ನ ಅವ್ವ,
ಪಾತಮ್ಮ