ದೊಡ್ಡಮ್ಮನ ಅಳು, ನನ್ನ ಟ್ಯಾಂಗೋ

ಸಮೇತನಹಳ್ಳಿಯ ಪಾಪಕ್ಕ ದೊಡ್ಡಮ್ಮನಿಗೆ ಕೀರ್ತನಳ ನಮಸ್ಕಾರ.

ಫೋನಿನಲ್ಲಿ ಕೇಳಲು ಧೈರ್ಯವಾಗದೆ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ನಾವು ಐದು ಜನ ನುಡಿಸಲು ನಾನೊಂದು ಟ್ಯಾಂಗೋ ಬರೆದಿದ್ದೇನೆ. ಅದು ಹೊರದೇಶದ ಕುಣಿತದ ಸಂಗೀತ, ಆದರೆ ಸ್ಯಾಡ್ ಆಗಿರುತ್ತದೆ. ಅದರಲ್ಲಿ ದೊಡ್ಡ ಪಿಟೀಲಿಗೆ ಕೊಟ್ಟಿರುವುದು ಅಮ್ಮ ಹೋದಾಗ ನೀನು ಹಾಡಿಕೊಂಡು ಅತ್ತ ರಾಗ. ಸಾರಿ ದೊಡ್ಡಮ್ಮ, ಕೇಳದೆ ತೆಗೆದುಕೊಂಡೆ. ಅಪ್ಪನಿಗೆ ಕೇಳಿಸಿದರೆ, "ಯಾರು ತೀರ್ಕೊಂಡ್ರಮ್ಮಾ?" ಅಂದುಬಿಟ್ಟರು.

ಮುಂದಿನ ಶನಿವಾರ ಪ್ರೋಗ್ರಾಂ. ಟ್ಯಾಂಗೋಗೆ ಇನ್ನೂ ಕೊನೆಯೇ ಸಿಗುತ್ತಿಲ್ಲ. ಅವತ್ತು ನೀನಿನ್ನೂ ಅಳುತ್ತಿರುವಾಗಲೇ ನನ್ನನ್ನು ಹಾಸ್ಟೆಲ್ಲಿಗೆ ವಾಪಸ್ ಕಳಿಸಿಬಿಟ್ಟರಲ್ಲ. ಆಮೇಲೆ ಹೇಗೆ ನಿಲ್ಲಿಸಿದೆ?

ಸಾವಿಲ್ಲದ ಮನೆಯಲ್ಲಿ ಅದನ್ನು ಹಾಡಬಾರದು, ಗೊತ್ತು. ಹೊಲಕ್ಕೆ ಹೋಗಿ, ತಲೆ ಮೇಲೆ ಹಾರುವ ವಿಮಾನದ ಸದ್ದು ದಾಟಿದ ಮೇಲೆ ಫೋನ್ ಮಾಡಿ ಹಾಡು. ನಾನು ಮಧ್ಯೆ ಮಾತಾಡಲ್ಲ. ಈ ಸಲ ಮುಗಿಯೋವರೆಗೂ ಇರ್ತೀನಿ.

ನಿನ್ನ ಮಗಳು,
ಕೀರ್ತನ